ತಿರುಗಾಟಕ್ಕೂ ಮೊದ್ಲೇ ನೀನಾಸಂ ಇತ್ತು
ನೀನಾಸಂ ನಾಟಕ ಸಂಘದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್, ಆದ್ರೆ ಓದಿದ್ರೆ ಅದರ ಕಥೆ 1985ರ ತಿರುಗಾಟದಿಂದ್ಲೇ, ಅಂದ್ರೆ ಊರೂರು ಸುತ್ತಿ ನಾಟಕ ಆಡೋ ಅವರ ತಂಡದಿಂದ್ಲೇ ಶುರುವಾದಂಗಿದೆ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಲ್ಲಿ ಸಂಘ ಕಟ್ಟಿದ್ದು 1949ರಲ್ಲಿ ಕಣ್ರೀ, ಅಡಿಕೆ ಸೀಮೆಯ ಹಳ್ಳಿ ಜನ ಹವ್ಯಾಸಕ್ಕೆ ಬಣ್ಣ ಹಚ್ಕೊಂಡು ಆಡ್ತಿದ್ದ ಕಾಲ ಅದು, ಆಮೇಲೆ 1980ರಲ್ಲಿ ರಂಗಶಿಕ್ಷಣ ಕೇಂದ್ರ, ಅದಾಗಿ ಐದು ವರ್ಷಕ್ಕೆ ತಿರುಗಾಟ. ನಡುವಿನ ಮೂವತ್ತು ವರ್ಷದ ನಾಟಕಗಳು ಎಲ್ಲಿ ಹೋದ್ವು? ನಮ್ಮೂರಿಗೆ ತಿರುಗಾಟ ಬಂದಾಗ ನಾನು ಹೈಸ್ಕೂಲು, ಮಧ್ಯಾಹ್ನ ಲಾರಿಯಿಂದ ಸೆಟ್ ಇಳಿಸ್ತಿದ್ದ ಹುಡುಗನೇ ರಾತ್ರಿ ರಾಜ ಆಗಿ ನಿಂತಿದ್ದ, ನಮಗೆ ಗುರುತೇ ಸಿಗ್ಲಿಲ್ಲ! ಸಂಘ ಕಟ್ಟಿದವರಲ್ಲಿ ಒಬ್ರಾದ ಕೆ.ವಿ. ಸುಬ್ಬಣ್ಣೋರ ಮ್ಯಾಗ್ಸೆಸೆ ಪ್ರಶಸ್ತಿ ಬಗ್ಗೆ ಎಲ್ರೂ ಬರೀತಾರೆ, ಯಾವ ವರ್ಷ ಯಾವ ನಾಟಕ, ನಿರ್ದೇಶನ ಯಾರ್ದು ಅಂತ ಒಂದು ಪಟ್ಟಿ ಹಾಕ್ರೀ ಪ್ಲೀಸ್.