ಹಳೆಯ ನಕ್ಷೆಗಳ ಬಗ್ಗೆ ನಿಮ್ಮ ಲೇಖನ ಇಷ್ಟವಾಯಿತು, ಒಂದೇ ತಕರಾರು
ಅಮೆರಿಕನ್ ಜಿಯಾಗ್ರಫಿಕಲ್ ಸೊಸೈಟಿ ಲೈಬ್ರರಿ ಈಗಲೂ ನ್ಯೂಯಾರ್ಕಿನಲ್ಲೇ ಇದೆ ಎಂಬಂತೆ ಬರೆದಿದ್ದೀರಿ ಸರ್. 1851ರಲ್ಲಿ ಸೊಸೈಟಿ ಹುಟ್ಟಿದ್ದು ಅಲ್ಲೇ, ನಿಜ. ಆದರೆ ಲೈಬ್ರರಿ 1978ರಲ್ಲೇ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ವಿಶ್ವವಿದ್ಯಾಲಯಕ್ಕೆ ಹೋಯಿತು.

ಅಲ್ಲಿರುವ 1452ರ ಲಿಯಾರ್ಡೊ ನಕ್ಷೆಯನ್ನು (ವೆನಿಸ್ಸಿನ ಜೊವಾನ್ನಿ ಲಿಯಾರ್ಡೊ ಬರೆದ ಪ್ರಪಂಚದ ನಕ್ಷೆ) ನೀವು ಸುಮ್ನೆ ಒಂದು ಸಾಲಿನಲ್ಲಿ ಮುಗಿಸಿದ್ದು ಬೇಜಾರಾಯಿತು. ಪೂರ್ವ ದಿಕ್ಕು ಮೇಲೆ, ನಡುವೆ ಜೆರುಸಲೇಮ್, ಸುತ್ತಲೂ ಈಸ್ಟರ್ ಯಾವತ್ತು ಬರುತ್ತೆ ಅಂತ ಲೆಕ್ಕ ಹಾಕುವ ಉಂಗುರಗಳು. ಭೂಪಟದ ಜೊತೆಗೆ ಪಂಚಾಂಗ ಫ್ರೀ!

ನಮ್ಮ ಚಿತ್ರದುರ್ಗದ ಕಡೆಯವರಿಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಝಿಯ ಮೈಸೂರು ಸರ್ವೆ ಹತ್ತಿರದ್ದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಶುರುವಾಗಿದ್ದು. ಅದರ ಎಷ್ಟೋ ನಕ್ಷೆ, ಕಾಗದಪತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ದುರ್ಗದ ಹುಡುಗರು ಅಷ್ಟು ದೂರ ಹೋಗಿ ನೋಡೋಕಾಗುತ್ತಾ? ಸ್ಕ್ಯಾನ್ ಪ್ರತಿಗಳನ್ನಾದರೂ ನಮ್ಮ ಜಿಲ್ಲಾ ಗ್ರಂಥಾಲಯಕ್ಕೆ ತರಿಸಬಹುದು, ಅಲ್ವಾ?