ಹಬ್ಬದ ವಾರದ ಚೀಲ

ನವರಾತ್ರಿಗೆ ಹೊರಡುವಾಗ ನನ್ನ ಚೀಲ ಯಾವತ್ತೂ ಹಗುರ. ಎರಡು ಸೀರೆ, ಲ್ಯಾಪ್‌ಟಾಪ್, ಪ್ರತಿ ವರ್ಷ ಹೊತ್ತುಕೊಂಡು ಹೋಗಿ ಪ್ರತಿ ವರ್ಷ ಓದದೆ ವಾಪಸ್ ತರುವ ಒಂದು ಪುಸ್ತಕ. ಯಾವುದೋ ಸೀರೆ ಅಂಗಡಿಯವರು ಕೊಟ್ಟ ಬಟ್ಟೆ ಚೀಲ ಅದು. ಒಗೆದು ಒಗೆದು ಅಂಗಡಿಯ ಹೆಸರು ಅಳಿಸಿಹೋಗಿದೆ. ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಉಳಿದಿವೆ.

ನನ್ನ ತವರು ಮೈಸೂರು, ಗಂಡನ ಮನೆ ಧಾರವಾಡ, ಬಾಡಿಗೆ ಕಟ್ಟುವುದು ಬೆಂಗಳೂರಿನಲ್ಲಿ. ಹಾಗಾಗಿ ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ಎರಡೂ ಕಡೆಯಿಂದ ಫೋನ್ ಶುರು. "ಈ ಸಲ ಹಬ್ಬಕ್ಕೆ ಎಲ್ಲಿ?" ಎರಡೂ ಕಡೆ ಅಂದೆ. ಇಬ್ಬರಿಗೂ ಸಮಾಧಾನ ಆಗಲಿಲ್ಲ. ಗಂಡ, ಮಗಳು ನೇರ ಧಾರವಾಡದ ಬಸ್ ಹತ್ತಿದರು. ನಾನು ಮೈಸೂರಿನ ರೈಲು ಹತ್ತಿದೆ. ಆ ಶುಕ್ರವಾರದೊಳಗೆ ಪತ್ರಿಕೆಗೆ ಅಂಕಣ ಕಳಿಸಬೇಕಿತ್ತು. ದಾರಿಯಲ್ಲಿ ಬರೆದು ಮುಗಿಸುವುದೆಂದು ಲೆಕ್ಕ. ಶೀರ್ಷಿಕೆ ಹಾಕುವಷ್ಟರಲ್ಲಿ ಮದ್ದೂರು ಬಂತು, ವಡೆ ಬಂತು. ಎಣ್ಣೆ ಕೈಯಲ್ಲಿ ಲ್ಯಾಪ್‌ಟಾಪ್ ಮುಟ್ಟುವುದಾದರೂ ಹೇಗೆ?

ಚಿಕ್ಕಮ್ಮನ ಮನೆಯಲ್ಲಿ ಬೊಂಬೆ ಕೂರಿಸಿ ಆಗಿತ್ತು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆ, ರಾಜ ರಾಣಿ. ರಾಣಿಯ ಮೂಗು ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮುರಿದದ್ದು. ಮುರಿದವರು ಯಾರು ಅನ್ನುವುದನ್ನು ಬೊಂಬೆ ನೋಡಲು ಬಂದ ಮಕ್ಕಳಿಗೆಲ್ಲ ಇವತ್ತಿಗೂ ತೋರಿಸಿ ಹೇಳುತ್ತಾರೆ. ಕೆಳಗೆ ಚನ್ನಪಟ್ಟಣದ ಮರದ ಮದುವೆ ದಿಬ್ಬಣ. ಅದಕ್ಕೂ ಕೆಳಗೆ, ನೆಲದ ಮೇಲೆ, ತಟ್ಟೆಯಲ್ಲಿ ರಾಗಿ ಮೊಳಕೆ ಬೆಳೆಸಿ ಮಾಡಿದ ಪಾರ್ಕು. ಹಸಿರು ಪೈರಿನ ನಡುವೆ ಪ್ಲಾಸ್ಟಿಕ್ ಜಿರಾಫೆ, ಅದಕ್ಕಿಂತ ದೊಡ್ಡದೊಂದು ಬಾತುಕೋಳಿ.

ಸಂಜೆ ಅರಮನೆ ಮುಂದಿನ ಸಂಗೀತ ಕಚೇರಿಗೆ ಹೋದೆವು. ಕತ್ತಲಾಗುತ್ತಿದ್ದಂತೆ ಅರಮನೆಯ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಂದೇ ಸಲ ಹತ್ತಿಕೊಂಡವು. ವೇದಿಕೆಯ ಮೇಲೆ ಮೋಹನ ರಾಗದ ಆಲಾಪನೆ ನಡೆದಿತ್ತು. ಜನ "ಓ" ಎಂದರು. ಗಾಯಕಿ ಒಂದು ಕ್ಷಣ ತಮಗೇ ಅಂದರೆಂದು ತಿಳಿದು ಕೈಮುಗಿದರು. ಆಮೇಲೆ ಎದುರಿನವರೆಲ್ಲ ಮೊಬೈಲ್ ಎತ್ತಿದ್ದು ಬೇರೆ ಕಡೆಗೆ ಅಂತ ಗೊತ್ತಾಗಿ ಅವರೂ ಅರಮನೆಯ ಕಡೆ ನೋಡಿ ನಕ್ಕರು. ಆ ನಗುವಿನ ನಂತರ ಅವರು ಹಾಡಿದ್ದು ಮೊದಲಿಗಿಂತ ಚೆನ್ನಾಗಿತ್ತು. ಇದು ನನ್ನ ಅಭಿಪ್ರಾಯ. ಚಿಕ್ಕಮ್ಮನ ಕಣ್ಣು ಮಾತ್ರ ಮೃದಂಗದ ಮೇಲಿತ್ತು. ಮೃದಂಗದ ಎಡಗಡೆಗೆ ರವೆ ಕಲಸಿ ಮೆತ್ತುತ್ತಾರಲ್ಲ, ವಿದ್ವಾಂಸರು ಕೃತಿಯ ಮಧ್ಯೆ ಒಂದಿಷ್ಟು ಕಿತ್ತು, ಮತ್ತೆ ಅಂಟಿಸಿ, ತಟ್ಟಿ ನೋಡುತ್ತಿದ್ದರು. "ಅಷ್ಟು ರವೆಗೆ ಒಂದು ಉಂಡೆ ಆಗ್ತಿತ್ತು ಕಣೇ," ಅಂದರು ಚಿಕ್ಕಮ್ಮ. ಮನೆಗೆ ಹೋಗಿ ರಾತ್ರಿಯೇ ರವೆ ಹುರಿಯಲು ನಿಂತರು.

ಮರುದಿನ ಸರಸ್ವತಿ ಪೂಜೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಲ್ಯಾಪ್‌ಟಾಪ್ ದೇವರ ಮುಂದೆ ಕೂತಿತ್ತು. ಮೇಲೆ ಪಂಚಾಂಗ, ಅದರ ಮೇಲೆ ಚಿಕ್ಕಪ್ಪನ ಹಳೇ ವೀಣೆ ಪುಸ್ತಕ, ಎಲ್ಲದರ ಮೇಲೆ ಸೇವಂತಿಗೆ. ಪೂಜೆಗೆ ಇಟ್ಟದ್ದನ್ನು ವಿಜಯದಶಮಿವರೆಗೂ ಮುಟ್ಟುವಂತಿಲ್ಲ. ಸಂಪಾದಕರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಇಷ್ಟು ವರ್ಷದಲ್ಲಿ ನಾನು ಕೊಟ್ಟ ನೆಪಗಳಲ್ಲಿ ನಿಜವಾದದ್ದು ಅದೊಂದೇ. ಅವರು ನಂಬಲಿಲ್ಲ.

ರಾತ್ರಿ ಧಾರವಾಡದ ರೈಲು ಹಿಡಿಯಬೇಕು, ಹಾಗೆ ಬಿಟ್ಟು ಹೋಗುವಂತಿಲ್ಲ. ಚಿಕ್ಕಮ್ಮ ಅದಕ್ಕೂ ದಾರಿ ಕಂಡುಕೊಂಡರು. ಸಂಜೆ ಇನ್ನೊಂದು ಮಂಗಳಾರತಿ ಎತ್ತಿ, ಲ್ಯಾಪ್‌ಟಾಪನ್ನು ಉತ್ತರಕ್ಕೆ ಒಂದಿಷ್ಟು ಕದಲಿಸಿ, "ಹೂಂ, ತಗೋ" ಅಂದರು. ತೆರೆದು ನೋಡಿದರೆ ಬ್ಯಾಕ್‌ಸ್ಪೇಸ್ ಕೀಲಿಯ ಮೇಲೆ ಕುಂಕುಮ. ನಾನು ಜಾಸ್ತಿ ಬಳಸುವುದು ಯಾವುದೆಂದು ಸರಸ್ವತಿಗೆ ಗೊತ್ತಿಲ್ಲವೇ! ಚೀಲಕ್ಕೆ ಒಂದು ಸ್ಟೀಲ್ ಡಬ್ಬಿ ಸೇರಿತು. "ಹತ್ತು ರವೆ ಉಂಡೆ ಇದೆ. ನಿಮ್ಮತ್ತೆಗೆ. ದಾರೀಲಿ ತೆಗೀಬೇಡ."

ಮೈಸೂರಿನಿಂದ ಧಾರವಾಡಕ್ಕೆ ಒಂದು ರಾತ್ರಿಯ ಪ್ರಯಾಣ. ಸಂಗೀತದವರಿಗೆ ಇದು ಹಳೇ ದಾರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಉತ್ತರದ ಉಸ್ತಾದರು ಮೈಸೂರು ಅರಮನೆಯಲ್ಲಿ ಹಾಡಲು ಬರುತ್ತಿದ್ದರು. ಹೋಗುವಾಗ ಬರುವಾಗ ಹುಬ್ಬಳ್ಳಿ ಧಾರವಾಡದ ಕಡೆ ಇಳಿದು, ನಾಲ್ಕು ದಿನ ತಂಗುತ್ತಿದ್ದರು. ಅಬ್ದುಲ್ ಕರೀಂ ಖಾನರು ಹೀಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಇಳಿಯುತ್ತಿದ್ದರು. ಆ ಊರಿನ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವ ಆದರು. ಆಮೇಲೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಉಸ್ತಾದರು ಒಂದೇ ಓಟಕ್ಕೆ ಮನೆ ಸೇರಿಬಿಡುವವರಾಗಿದ್ದರೆ ನಮ್ಮ ಕಡೆ ಹಿಂದೂಸ್ತಾನಿಯ ಖಯಾಲು ಗಾಯನ ಇಷ್ಟು ಬೇರು ಬಿಡುತ್ತಿತ್ತೋ ಇಲ್ಲವೋ.

ಇದನ್ನೆಲ್ಲ ಯೋಚಿಸುತ್ತ ಬರ್ತಿನಲ್ಲಿ ಎದ್ದು ಕೂತಾಗ ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ಕಿಟಕಿಯಲ್ಲಿ ಕುಂದಗೋಳದ ಬೋರ್ಡು ಸರಿದುಹೋಯಿತು. ರೈಲು ನಿಂತಿತೋ ಬರೀ ನಿಧಾನವಾಯಿತೋ, ನಿದ್ದೆಗಣ್ಣಿಗೆ ತಿಳಿಯಲಿಲ್ಲ. ಹಸಿವೆ ಮಾತ್ರ ಚೆನ್ನಾಗಿ ತಿಳಿಯಿತು.

ಅತ್ತೆಯ ಮನೆಯಲ್ಲಿ ಬೊಂಬೆ ಇಲ್ಲ, ಘಟ್ಟ, ಅಂದರೆ ಘಟಸ್ಥಾಪನೆ. ಮಣ್ಣಿನಲ್ಲಿ ಬಿತ್ತಿದ ಕಾಳು ಗೇಣುದ್ದ ಬಂದಿತ್ತು. ಮೈಸೂರಿನಲ್ಲಿ ಜಿರಾಫೆ ನಿಂತಿದ್ದಂಥದೇ ಪೈರು. ಇಲ್ಲಿ ಅದಕ್ಕೇ ಪೂಜೆ. ಪಕ್ಕದಲ್ಲಿ ಎಣ್ಣೆ ದೀಪ, ಒಂಬತ್ತು ದಿನವೂ ಆರಬಾರದು. ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಅತ್ತೆ ಎಣ್ಣೆ ಹಾಕುತ್ತಾರೆ. ಅಲಾರಂ ಇಲ್ಲ.

ಮರುದಿನ ಸಂಜೆ ಹಿಂದಿನ ಓಣಿಯ ಒಬ್ಬರ ಮನೆಯಲ್ಲಿ ಬೈಠಕ್ ಇತ್ತು. "ನೀವೂ ಬರ್ರಿ," ಅಂದೆ. "ದೀಪಾ ಬಿಟ್ಟು ಹ್ಯಾಂಗ ಬರ್ಲೆವಾ? ನೀ ಹೋಗಿ ಬಾ. ಏನ್ ಹಾಡಿದ್ರು ಬಂದು ಹೇಳು." ಪಡಸಾಲೆಯಲ್ಲಿ ಜಮಖಾನೆ, ನಲವತ್ತು ಜನ, ಮೈಕಿಲ್ಲ. ತಬಲಾದವರು ಸಣ್ಣ ಸುತ್ತಿಗೆಯಲ್ಲಿ ಗಟ್ಟೆ ಬಡಿದು ಬಡಿದು ಶ್ರುತಿ ಕೂಡಿಸುವುದನ್ನು ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. ಹಾಡು ಶುರುವಾದ ಮೇಲೆ ನನ್ನ ತೊಡೆಯ ಮೇಲೆ ನಿದ್ದೆ. ವಿಲಂಬಿತದ ಮಧ್ಯೆ ಚಹಾದ ತಟ್ಟೆ ಬಂತು. ತಬಲಾದವರು ಕಣ್ಣಲ್ಲೇ ಬೇಡ ಅಂದರು. ಕೈ ಖಾಲಿ ಇರಲಿಲ್ಲ ಅಷ್ಟೇ, ಮನಸ್ಸಿತ್ತು ಅನ್ನುವುದು ಮುಖದಲ್ಲಿ ಕಾಣುತ್ತಿತ್ತು.

ಮನೆಗೆ ಬಂದೆ. ಅತ್ತೆ ಬತ್ತಿ ಸರಿಮಾಡುತ್ತಿದ್ದರು. ಗೊತ್ತಿದ್ದಷ್ಟು ಗುನುಗಿದೆ. "ಇದು ಭೂಪ," ಅಂದರು. ನನಗೆ ಗಾಬರಿ. ನಾನು ಗುನುಗಿದ್ದು ಈ ಸಂಜೆಯದಲ್ಲ, ತಲೆಯಲ್ಲಿ ಉಳಿದಿದ್ದ ಮೈಸೂರಿನ ಮೋಹನ. ಹಿಂದೂಸ್ತಾನಿಯ ಭೂಪ ರಾಗಕ್ಕೂ ಅವೇ ಐದು ಸ್ವರ, ಆರೋಹಣ ಅವರೋಹಣ ಒಂದೇ. ತಪ್ಪು ಒಪ್ಪಿಕೊಳ್ಳಲಿಲ್ಲ. ಅತ್ತೆ ಖುಷಿಯಾಗಿದ್ದರು, ಸುಮ್ನೆ ಯಾಕೆ ಅಲ್ವಾ?

ದಶಮಿಯ ದಿನ ಓಣಿಯವರೆಲ್ಲ ಬಂದು ಬನ್ನಿ ಕೊಟ್ಟರು. "ಬನ್ನಿ ತಗೊಂಡು ಬಂಗಾರದಂಗ ಇರೋಣು." ಸಣ್ಣವರು ಕಾಲಿಗೆ ಬಿದ್ದರು, ದೊಡ್ಡವರ ಕಾಲಿಗೆ ನಾನು ಬಿದ್ದೆ. ಕೊನೆಗೆ ಸೊಂಟ ನನ್ನ ಮಾತು ಕೇಳಲಿಲ್ಲ. ಚೀಲಕ್ಕೆ ಪೇಢೆ, ಶೇಂಗಾ ಹಿಂಡಿ, ಕಟಕ ರೊಟ್ಟಿಯ ಕಟ್ಟು, ಚಿಕ್ಕಮ್ಮನಿಗೆಂದು ಒಂದು ಖಣ ಸೇರಿದವು. ಬೆಂಗಳೂರಿನಲ್ಲಿ ಇಳಿಯುವಾಗ ಒಂದು ಹಿಡಿಕೆ ಕಿತ್ತು ಬಂತು. ಗಂಡ ಚೀಲವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಆಟೋ ಹತ್ತಿದ.

ರಾತ್ರಿ ಚೀಲ ಬಿಚ್ಚಿ, ಪುಸ್ತಕದ ಮೇಲಿನ ಬನ್ನಿ ಎಲೆ ಕೊಡವುತ್ತಿದ್ದಾಗ ಚಿಕ್ಕಮ್ಮನ ಫೋನ್.

"ನಿಮ್ಮತ್ತೆ ಫೋನ್ ಮಾಡಿದ್ರು ಕಣೇ. ಉಂಡೆ ಚೆನ್ನಾಗಿತ್ತಂತೆ. ಎಂಟೂ ಖಾಲಿ ಅಂದ್ರು. ನಾನು ಕಟ್ಟಿದ್ದು ಹತ್ತಲ್ವಾ?"

"ಹೌದು ಚಿಕ್ಕಮ್ಮ," ಅಂದೆ. "ಎರಡು ಕುಂದಗೋಳದಲ್ಲಿ ಇಳಿದವು."