ಕಡಜ ಹೊಡೆದರೆ ಸಾಲದು, ಗೂಡು ಹುಡುಕಬೇಕು

ಜೇನುಪೆಟ್ಟಿಗೆಯ ಬಾಗಿಲ ಮುಂದೆ ಕಡಜ ಗಾಳಿಯಲ್ಲೇ ನಿಂತು ಕಾಯುತ್ತದೆ. ಮೇವು ಹೊತ್ತು ವಾಪಸ್ ಬರುವ ಜೇನುನೊಣವನ್ನು ಗಪ್ಪನೆ ಹಿಡಿಯುತ್ತದೆ. ತಲೆ, ರೆಕ್ಕೆ, ಹೊಟ್ಟೆ ಕತ್ತರಿಸಿ ಬಿಸಾಡಿ, ಎದೆಯ ಭಾಗವನ್ನಷ್ಟೇ ತನ್ನ ಮರಿಗಳಿಗೆ ಒಯ್ಯುತ್ತದೆ. ಆಮೇಲೆ ಮತ್ತೆ ಅದೇ ಬಾಗಿಲಿಗೆ ಬರುತ್ತದೆ.

ಸತ್ತ ನೊಣಗಳ ಲೆಕ್ಕಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಒಳಗೆ ಉಳಿದವುಗಳ ಭಯ. ಅವು ಹೊರಗೆ ಹೋಗುವುದನ್ನೇ ನಿಲ್ಲಿಸುತ್ತವೆ. ಮಕರಂದವೂ ಇಲ್ಲ, ಪರಾಗವೂ ಇಲ್ಲ. ಹೂವು ಎದುರಿಗೇ ಅರಳಿದ್ದರೂ ಇಡೀ ಕುಟುಂಬ ಸೊರಗುತ್ತದೆ, ಎಷ್ಟೋ ಸಲ ಚಳಿಗಾಲ ದಾಟುವುದಿಲ್ಲ.

ಹಳದಿ ಕಾಲಿನ ಈ ಏಷ್ಯಾದ ಕಡಜ ಫ್ರಾನ್ಸಿಗೆ ಬಂದದ್ದು 2004ರ ಸುಮಾರಿಗೆ. ಚೀನಾದ ಮಣ್ಣಿನ ಕುಂಡಗಳ ಸರಕಿನಲ್ಲಿ ಬಂದಿರಬೇಕು ಅಂತಾರೆ. ಯುರೋಪಿನ ಅಷ್ಟೂ ಸಂತಾನಕ್ಕೆ ಒಂದೇ ರಾಣಿ ಮೂಲ ಇರಬಹುದು ಎಂದು ವಂಶವಾಹಿ ಪರೀಕ್ಷೆಗಳು ಹೇಳುತ್ತವೆ. ಒಂದೇ ಒಂದು ರಾಣಿ! 2016ರಲ್ಲಿ ಬ್ರಿಟನ್ನಿನಲ್ಲಿ ಕಂಡಿತು, 2023ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ.

ಏಷ್ಯಾದ ತುಡುವೆ ಜೇನಿಗೆ ಕಡಜ ಹಳೆಯ ವೈರಿ. ಜಪಾನಿನಲ್ಲಿ ನೂರಾರು ತುಡುವೆಗಳು ಕಡಜದ ಸುತ್ತ ಉಂಡೆಯಾಗಿ ಮುತ್ತಿ, ಮೈ ಅದುರಿಸಿ, 46 ಡಿಗ್ರಿಯಷ್ಟು ಕಾವು ಎಬ್ಬಿಸಿ ಕೊಲ್ಲುತ್ತವೆ. ವಿಯೆಟ್ನಾಮಿನಲ್ಲಿ ಗೂಡಿನ ಬಾಗಿಲಿಗೆ ಸಗಣಿ ಮೆತ್ತಿಕೊಳ್ಳುತ್ತವೆ. ಯುರೋಪಿನ ಜೇನಿಗೆ ಈ ವಿದ್ಯೆ ಅಷ್ಟಾಗಿ ಬರುವುದಿಲ್ಲ. ಅದನ್ನು ದುರ್ಬಲ ತಳಿ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ವೈರಿಯನ್ನು ಹಡಗಿನಲ್ಲಿ ತಂದಿಳಿಸಿದ್ದು ನಾವು, ಅಲ್ವಾ?

ಗಾಬರಿಯಲ್ಲಿ ಜನ ಕಡಜ ಹಿಡಿಯಲು ಸಿಹಿನೀರಿನ ಬಾಟಲಿಗಳನ್ನು ಕಂಡಕಂಡಲ್ಲಿ ನೇತುಹಾಕುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಪತಂಗ, ನೊಣ, ಅಲ್ಲಿನದೇ ಕಣಜಗಳು ಸುಮ್ನೆ ಬಿದ್ದು ಸಾಯುತ್ತವೆ. ಪೆಟ್ಟಿಗೆಯ ಬಾಗಿಲು ಕಿರಿದು ಮಾಡುವುದು ಒಳ್ಳೆಯದೇ, ಆದರೆ ಹೊರಗಿನ ಭಯ ಅದರಿಂದ ಹೋಗುವುದಿಲ್ಲ.

ಗೂಡನ್ನೇ ಹುಡುಕಬೇಕು, ಅದೂ ಬೇಗ. ಮರದ ತುದಿಯ ಗೂಡು ಎಲೆ ಉದುರಿದ ಮೇಲೆ ಕಾಣುವ ಹೊತ್ತಿಗೆ ಹೊಸ ರಾಣಿಗಳು ಹೊರಟಿರುತ್ತವೆ. ಹುಡುಕಿದರೆ ಗೆಲ್ಲಬಹುದು. ಇನ್ನೊಂದು ಜಾತಿಯ ದೈತ್ಯ ಕಡಜ 2019ರಲ್ಲಿ ವಾಷಿಂಗ್ಟನ್ ರಾಜ್ಯಕ್ಕೆ ಬಂದಿತ್ತು. ಮುಂದಿನ ವರ್ಷ ಹಿಡಿದ ಕಡಜಕ್ಕೆ ಪುಟ್ಟ ರೇಡಿಯೋ ಕಟ್ಟಿ, ಬೆನ್ನು ಹತ್ತಿ ಗೂಡು ತೆಗೆದರು. ಸಾಮಾನ್ಯ ಜನ ಕೊಟ್ಟ ಸುಳಿವುಗಳೂ ಸೇರಿ, 2024ರ ಡಿಸೆಂಬರಿನಲ್ಲಿ ಅದು ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸಿದರು.

ಇದನ್ನೆಲ್ಲ ಜೇನು ಸಾಕುವವರೊಬ್ಬರ ತಲೆಗೇ ಕಟ್ಟಬಾರದು. ಅಪರಿಚಿತ ಕಡಜ ಕಂಡರೆ ಕಲ್ಲು ಹೊಡೆಯಬೇಡಿ, ಬೆಂಕಿ ಹಚ್ಚಬೇಡಿ. ದೂರದಿಂದ ಫೋಟೋ ತೆಗೆದು ಕೃಷಿ ಇಲಾಖೆಗೆ ಕಳಿಸಿ. ಯಾವ ದಿಕ್ಕಿಗೆ ಹಾರಿತು ಅಂತಲೂ ಬರೆಯಿರಿ.